ಗಾಳಿ ಪಂಪ್ ತಗೊಳ್ಳುವ ಮುಂಚೆ

ಪಿಕಪ್‌ಗೆ ಟ್ರೇಲರ್ ಕಟ್ಟಿಕೊಂಡು ಅಬುಧಾಬಿಯಿಂದ ರುವೈಸ್, ಸಿಲಾ ಕಡೆಗೆ ಸಾಮಾನು ಸಾಗಿಸುವುದು ನನ್ನ ಕೆಲಸ. ಹೊಸದಾಗಿ ಲೈಸೆನ್ಸ್ ಆದ ರೂಮಿನ ಹುಡುಗರು, "ಅಣ್ಣ, ಯಾವ ಪಂಪ್ ತಗೊಳ್ಳೋದು?" ಅಂತ ಕೇಳ್ತಾನೇ ಇರ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ಪೆಟ್ಟಿಗೆ ಮೇಲೆ 150 ಪಿಎಸ್‌ಐ ಅಂತ ದೊಡ್ಡಕ್ಷರದಲ್ಲಿ ಇರುತ್ತದೆ. ಅದಕ್ಕೆ ಮರುಳಾಗಬೇಡಿ ಮಾರಾಯ್ರೆ. ಕಾರಿಗೆ 32-36 ಸಾಕು, ಟ್ರೇಲರ್ ಟೈರುಗಳಿಗೆ ಸಾಮಾನ್ಯವಾಗಿ 50ರಿಂದ 65 ಬೇಕು. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ, ನಿಲ್ಲಿಸದೆ ಎಷ್ಟು ಹೊತ್ತು ಓಡುತ್ತದೆ ಅನ್ನುವುದನ್ನು ಓದಿ. ಚಿಕ್ಕ ಪಂಪುಗಳು ಹತ್ತು-ಹದಿನೈದು ನಿಮಿಷಕ್ಕೇ ಕಾದು ಸುಡುತ್ತವೆ, ಆರುವ ತನಕ ಕಾಯಬೇಕು. ಜೂನ್ ತಿಂಗಳ ಮಧ್ಯಾಹ್ನ, ಪಕ್ಕದಲ್ಲೇ ಲಾರಿಗಳು ಗಾಳಿ ಸೀಳಿಕೊಂಡು ಹೋಗುವಾಗ ಆ ಕಾಯುವಿಕೆ ಯಾರಿಗೂ ಬೇಡ.

ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸು ಸಾಮಾನ್ಯವಾಗಿ 10-15 ಆಂಪಿಯರಿನದು. ಅದಕ್ಕೆ ಸಿಕ್ಕಿಸುವ ಪಂಪು ಕಾರಿಗೆ ಪರವಾಗಿಲ್ಲ. ದೊಡ್ಡದಕ್ಕೆ 30 ಆಂಪಿಯರ್‌ಗೂ ಹೆಚ್ಚು ಬೇಕಾಗಬಹುದು. ಅದನ್ನು ಇಂಜಿನ್ ಚಾಲೂ ಇಟ್ಟು, ನೇರ ಬ್ಯಾಟರಿಗೇ ಕ್ಲಿಪ್ ಹಾಕಬೇಕು. ಆಗ ಇನ್ನೊಂದು ತೊಂದರೆ: ಬ್ಯಾಟರಿ ಇರುವುದು ಬಾನೆಟ್ ಒಳಗೆ, ಗಾಳಿ ಬೇಕಿರುವುದು ಟ್ರೇಲರ್‌ನ ಹಿಂದಿನ ಚಕ್ರಕ್ಕೆ. ಪಿಕಪ್ಪೇ ಐದು ಮೀಟರ್ ಇದೆ! ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಪೈಪು ಸಾಲದಿದ್ದರೆ ಜೋಡಿಸುವ ಪೈಪನ್ನೂ ತಗೊಳ್ಳಿ.

ಚಾರ್ಜ್ ಮಾಡುವ ಕೈಪಂಪುಗಳಿಗೆ ಈ ಗೋಳಿಲ್ಲ. ಆದರೆ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ 60 ಡಿಗ್ರಿ ದಾಟುತ್ತದೆ, ಲಿಥಿಯಂ ಬ್ಯಾಟರಿಗೆ ಅದು ಒಳ್ಳೆಯದಲ್ಲ. ಇಳಿಯುವಾಗ ಜೊತೆಗೇ ಒಯ್ಯುವವರಾದರೆ ಮಾತ್ರ ತಗೊಳ್ಳಿ.

ಕಂಪನಿ ಗಾಡಿ ಓಡಿಸುವವರು ಸ್ವಂತ ದುಡ್ಡು ಹಾಕಬೇಡಿ. ಟ್ರೇಲರ್ ಟೈರಿನ ಅಳತೆ ಬರೆದು, ಪಂಪು ಕೊಡಿಸಿ ಅಂತ ವಾಟ್ಸಾಪ್‌ನಲ್ಲೇ ಕೇಳಿ, ಬರಹದಲ್ಲಿ ಇರಲಿ. ಇನ್ನೊಂದು ವಿಷಯ. ಗಾಳಿಯಿಲ್ಲದೆ ಓಡಿದ ಟೈರು, ಪಕ್ಕದ ಗೋಡೆ ಸೀಳಿದ ಟೈರು, ಇವೆರಡಕ್ಕೆ ಪಂಪ್ ಹಚ್ಚಲೇಬೇಡಿ, ಸೂಪರ್‌ವೈಸರ್ "ಗಾಳಿ ಹೊಡ್ಕೊಂಡು ಬಾ" ಅಂದರೂ ಸರಿ. ಒಳಗೆ ತಂತಿ ಸೋತಿರುತ್ತದೆ, ತುಂಬುವಾಗಲೇ ಮುಖದೆದುರು ಸಿಡಿಯಬಹುದು. ಸ್ಟೆಪ್ನಿ ಹಾಕಿ, ಇಲ್ಲವಾದರೆ ರಿಕವರಿ ಗಾಡಿ ಕರೆಸಿ.

ಪಂಪಿನ ಮೀಟರನ್ನೇ ಪೂರ್ತಿ ನಂಬದೆ, ಬೇರೆ ಗೇಜ್ ಇಟ್ಟುಕೊಂಡು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಓಡಿದ ಮೇಲೆ ನಾಲ್ಕೈದು ಪಿಎಸ್‌ಐ ಏರುವುದು ಸಹಜ, ಅದನ್ನು ಬಿಟ್ಟು ಇಳಿಸಬೇಡಿ. ಗೇಜ್ ಇಲ್ಲದವರು ನನ್ನದನ್ನು ಒಯ್ಯಬಹುದು, ಆದರೆ ಐದು ಗಂಟೆಗೆ ನಾನು ಹೊರಡುವ ಮುಂಚೆ ವಾಪಸ್ ಬರಬೇಕು.