ಹಗ್ಗದ ಬೀದಿಯ ಮಂದ್ರಸ್ವರ

ಜರ್ಮನಿಯ ಹ್ಯಾಂಬರ್ಗ್ ಸಮುದ್ರತೀರದ ಪಟ್ಟಣವಲ್ಲ. ಎಲ್ಬೆ ನದಿಯ ಗುಂಟ ಸುಮಾರು 100 ಕಿಲೋಮೀಟರು ಒಳನಾಡಿನಲ್ಲಿದೆ. ಆದರೂ ಅದು ಹಡಗುಗಳ ಊರೇ. ಬಂದರಿಗೆ ಅಂಟಿಕೊಂಡ ಸೇಂಟ್ ಪೌಲಿ ಎಂಬ ಕೇರಿಯಲ್ಲಿ ರೇಪರ್‌ಬಾನ್ ಎಂಬ ಬೀದಿಯಿದೆ. ಹಗ್ಗ ಹೊಸೆಯುವವರ ಹಾದಿ ಎಂದು ಆ ಹೆಸರಿನ ಅರ್ಥ. ಹಾಯಿಹಡಗುಗಳ ಕಾಲದಲ್ಲಿ ಉದ್ದನೆಯ ಹಗ್ಗಗಳನ್ನು ಹುರಿಗೊಳಿಸಲು ಅಷ್ಟೇ ಉದ್ದನೆಯ ನೇರ ಜಾಗ ಬೇಕಾಗುತ್ತಿತ್ತು. ಇಂದು ಅಲ್ಲಿ ಹಗ್ಗವಿಲ್ಲ. ಸಂಜೆಯಾದೊಡನೆ ಬಣ್ಣದ ದೀಪಗಳು, ನಾಟಕಶಾಲೆಗಳು, ಪಾನಗೃಹಗಳು, ಗೃಹಸ್ಥರು ಬಾಯಿಬಿಟ್ಟು ಹೇಳಲು ಹಿಂಜರಿಯುವ ಇನ್ನಿತರ ವ್ಯಾಪಾರಗಳು ಅಲ್ಲಿ ಕಣ್ತೆರೆಯುತ್ತವೆ.

ಈ ಬೀದಿಯಿಂದ ಗ್ರೋಸೆ ಫ್ರೈಹೈಟ್, ಅಂದರೆ ಮಹಾಸ್ವಾತಂತ್ರ್ಯ, ಎಂಬ ಚಿಕ್ಕ ಬೀದಿ ಒಡೆಯುವ ಮೂಲೆಯಲ್ಲಿ ಗ್ರಾಮಫೋನ್ ತಟ್ಟೆಯಂತೆ ದುಂಡಗಿರುವ ಚೌಕವೊಂದನ್ನು 2008ರಲ್ಲಿ ಕಟ್ಟಿದರು. ಅದರ ಮೇಲೆ ವಾದ್ಯ ಹಿಡಿದ ಯುವಕರ ಉಕ್ಕಿನ ಆಕೃತಿಗಳು ನಿಂತಿವೆ. ಅವುಗಳಲ್ಲಿ ಒಂದು ಉಳಿದವುಗಳಿಂದ ತುಸು ದೂರ ಸರಿದು ನಿಂತಿದೆ. ಆ ದೂರದಲ್ಲೇ ಒಂದು ಕಥೆಯಿದೆ.

1960ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಿಂದ ಐವರು ಹುಡುಗರು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದರು. ಮುಂದೆ ಜಗತ್ತೆಲ್ಲ ಕೊಂಡಾಡಿದ ‘ಬೀಟಲ್ಸ್’ ತಂಡ ಅದೇ. ಆಗ ಮಾತ್ರ ಅವರನ್ನು ಕೇಳುವವರಿರಲಿಲ್ಲ. ಬೇಸ್ ಗಿಟಾರನ್ನು ನುಡಿಸುತ್ತಿದ್ದವನು ಸ್ಟುವರ್ಟ್ ಸಟ್‌ಕ್ಲಿಫ್. ಅವನ ಮನಸ್ಸಿದ್ದುದು ಚಿತ್ರಕಲೆಯಲ್ಲಿ. 1961ರಲ್ಲಿ ಅವನು ತಂಡವನ್ನು ಬಿಟ್ಟು ಹ್ಯಾಂಬರ್ಗಿನ ಕಲಾಶಾಲೆ ಸೇರಿದ. ಮರುವರ್ಷವೇ, 21ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡ. ದೂರ ನಿಂತ ಆಕೃತಿ ಅವನದು.

ಅವನು ಬಿಟ್ಟ ಸ್ಥಾನ ಪಾಲ್ ಮೆಕಾರ್ಟ್ನಿಯ ಪಾಲಿಗೆ ಬಂತು. ಅದು ಯಾರೂ ಆಸೆಪಡುವ ಸ್ಥಾನವಾಗಿರಲಿಲ್ಲ. ನಮ್ಮ ಕಚೇರಿಯಲ್ಲಿ ತಂಬೂರಿಯವರು ಹೇಗೋ, ಆ ತಂಡಗಳಲ್ಲಿ ಬೇಸ್ ನುಡಿಸುವವನು ಹಾಗೆ: ಇದ್ದರೆ ಯಾರೂ ಗಮನಿಸರು, ಇಲ್ಲದಿದ್ದರೆ ಎಲ್ಲವೂ ಬರಿದು. ಮೇಲಾಗಿ ಪಾಲ್ ಎಡಚ. ಸ್ಟುವರ್ಟ್ ತನ್ನ ವಾದ್ಯವನ್ನು ಎರವಲು ಕೊಟ್ಟನೇ ಹೊರತು ತಂತಿಗಳನ್ನು ಅದಲುಬದಲು ಮಾಡಲು ಒಪ್ಪಲಿಲ್ಲ. ಪಾಲ್ ಅದನ್ನು ತಲೆಕೆಳಗಾಗಿ ಹಿಡಿದು ನುಡಿಸಬೇಕಾಯಿತು.

ಟಾಪ್ ಟೆನ್ ಕ್ಲಬ್ಬಿನಲ್ಲಿ ಅವರ ದುಡಿಮೆ ರಾತ್ರಿಗೆ ಏಳು ಗಂಟೆಗಳದು. ನಡುನಡುವೆ ಚಿಕ್ಕ ವಿರಾಮ. ತಲೆಗೆ ದಿನಗೂಲಿ 35 ಮಾರ್ಕ್. ಅಂದಿನ ಲೆಕ್ಕದಲ್ಲಿ ಮೂರು ಪೌಂಡಿನ ಆಸುಪಾಸು. ಏಳು ಗಂಟೆ ಹೆಗಲಿಗೆ ತೂಗುಹಾಕಿಕೊಳ್ಳುವ ವಾದ್ಯದ ಭಾರವೆಂದರೇನೆಂದು ನೀರಿನ ಕೊಡ ಹೊತ್ತವರಿಗೆ ಹೇಳಬೇಕಾಗಿಲ್ಲ. ಆಗ ಹೆಸರಾಗಿದ್ದುದು ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಬೇಸ್. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವ ಕಷ್ಟವನ್ನು ಅದು ನಿವಾರಿಸಿತ್ತು, ನಿಜ. ಆದರೆ ಅದರ ಒಡಲು ಗಟ್ಟಿಮರದ್ದು, ತೂಕ 4 ಕಿಲೋಗ್ರಾಮಿನಷ್ಟು. ಬೆಲೆ ಸುಮಾರು 100 ಪೌಂಡು. ಸಾಲ ಮಾಡಿ ಕೊಳ್ಳಬಹುದಿತ್ತು. ಹತ್ತಿಯ ವ್ಯಾಪಾರದಲ್ಲಿ ದುಡಿಯುತ್ತಿದ್ದ ತಂದೆ, ಸಾಲದ ಹೊಸಿಲು ತುಳಿಯಬಾರದೆಂದು ಮಗನಿಗೆ ಬಾಲ್ಯದಿಂದಲೂ ಬೋಧಿಸಿದ್ದರು. ಹಾಗೆಂದು ತೀರ ಅಗ್ಗದ್ದನ್ನು ನಂಬುವಂತೆಯೂ ಇರಲಿಲ್ಲ. ಲಿವರ್‌ಪೂಲಿನಿಂದ ತಂದಿದ್ದ ಅಗ್ಗದ ಗಿಟಾರು ಹ್ಯಾಂಬರ್ಗಿನಲ್ಲಿ ಬಾಳಿಕೆ ಬಾರದೆ ಹಾಳಾಗಿತ್ತು.

ರೇಪರ್‌ಬಾನಿನಿಂದ ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಊರಿನ ಮುಖವೇ ಬದಲಾಗುತ್ತದೆ. ಆಲ್‌ಸ್ಟರ್ ಸರೋವರದ ಬಳಿ ಕೊಲೊನಾಡೆನ್ ಎಂಬ, ಕಮಾನುಸಾಲಿನ ಗಂಭೀರವಾದ ಬೀದಿ ಬರುತ್ತದೆ. ಪಿಯಾನೋಗಳಿಗೆ ಹೆಸರಾದ ಸ್ಟೈನ್‌ವೇ ಸಂಸ್ಥೆಯ ಅಂಗಡಿ ಆಗ ಅಲ್ಲಿತ್ತು. ಅಲ್ಲಿ ಪಾಲ್‌ಗೆ ಪಿಟೀಲಿನಾಕಾರದ ಬೇಸ್ ಗಿಟಾರು ದೊರಕಿತು: ಹೋಫ್‌ನರ್ 500/1. ಬೆಲೆ 30 ಪೌಂಡಿನಷ್ಟು. ಹತ್ತು ದಿನದ ಕೂಲಿ. ಪಿಟೀಲಿನಂತೆ ಎರಡು ಮಗ್ಗುಲೂ ಸಮವಾದ್ದರಿಂದ ಎಡಚನ ಕೈಯಲ್ಲೂ ಅದು ವಿಕಾರವಾಗಿ ತೋರುತ್ತಿರಲಿಲ್ಲ. ಒಡಲು ಪೊಳ್ಳಾದ್ದರಿಂದ ತೂಕ ಫೆಂಡರಿನ ಅರ್ಧಕ್ಕಿಂತ ಹೆಚ್ಚೇನಿಲ್ಲ. ನುಡಿಯುವ ತಂತಿಯ ಉದ್ದ ಫೆಂಡರಿನಲ್ಲಿ 34 ಅಂಗುಲವಾದರೆ ಇದರಲ್ಲಿ 30. ಆದುದರಿಂದ ಮೆಟ್ಟುಗಳು ಒತ್ತಾಗಿದ್ದು, ಬೆರಳುಗಳಿಗೆ ಚಾಚುವ ಶ್ರಮ ಕಡಿಮೆ.

ಆ ವಾದ್ಯದ ಹಿಂದೆಯೂ ಒಂದು ವಲಸೆಯ ಕಥೆಯಿತ್ತು. ಕಾರ್ಲ್ ಹೋಫ್‌ನರ್ 1887ರಲ್ಲಿ ಕಾರ್ಖಾನೆ ತೆರೆದದ್ದು ಬೊಹೆಮಿಯಾದ ಶೋನ್‌ಬಾಖ್‌ನಲ್ಲಿ, ಪಿಟೀಲು ಮಾಡುವವರ ಊರಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನರನ್ನು ಹೊರಗಟ್ಟಲಾಯಿತು. ಮನೆಮಾರು ಕಳೆದುಕೊಂಡ ಆ ಕುಶಲಕರ್ಮಿಗಳಿಗೆ ಬವೇರಿಯಾದ ಬೂಬೆನ್‌ರಾಯ್ಟ್ ಎಂಬ ಸಣ್ಣ ಹಳ್ಳಿ ನೆಲೆಗೊಟ್ಟಿತು. ಕಾರ್ಲನ ಮಗ ವಾಲ್ಟರ್ 1955ರಲ್ಲಿ ಈ ಬೇಸ್ ರೂಪಿಸಿದಾಗ ಪಿಟೀಲಿನ ಆಕಾರವನ್ನೇ ಆರಿಸಿಕೊಂಡ. ಊರು ಹೋದರೂ ಕೈಯ ವಿದ್ಯೆ ಹೋಗಿರಲಿಲ್ಲ.

ದೋಷವಿಲ್ಲದ ವಾದ್ಯವೇನೂ ಅದಲ್ಲ. ಒಡಲು ಹಗುರವಾದಾಗ ದಂಡಿಯ ತುದಿ ನೆಲದತ್ತ ಬಾಗಲೆಳಸುತ್ತದೆ. ನಾದ ಮೃದು, ಬೇಗ ಅಡಗುತ್ತದೆ. ಇಂದು ಬೇಸ್ ಕಲಿಯಬಯಸುವ ಮಕ್ಕಳ ತಂದೆತಾಯಿಯರು ಆ ಅಂಗಡಿಯ ಪ್ರಸಂಗದಿಂದ ಅರಿಯಬೇಕಾದುದು ಇಷ್ಟೆ. ವಾದ್ಯದ ಮೇಲಿನ ಹೆಸರನ್ನು ಓದುವ ಮೊದಲು ಪಟ್ಟಿ ಹಾಕಿ ಹೆಗಲಿಗೇರಿಸಿ, ಕಾಲುಗಂಟೆ ನಿಂತು ನೋಡಬೇಕು. ಕೈಬಿಟ್ಟರೆ ದಂಡಿ ಎಲ್ಲಿ ನಿಲ್ಲುತ್ತದೆ, ಮೊದಲ ಮೆಟ್ಟಿಗೆ ಬೆರಳು ನೋವಿಲ್ಲದೆ ಎಟುಕುತ್ತದೆಯೆ, ಮಣಿಕಟ್ಟು ಮುರಿದಂತೆ ಬಾಗುತ್ತದೆಯೆ ಎಂದು ಪರೀಕ್ಷಿಸಬೇಕು. ಗಿಡ್ಡ ತಂತಿಯ ಬೇಸ್ ಮಕ್ಕಳ ಆಟಿಕೆಯೆಂಬ ಭಾವನೆ ಸಲ್ಲದು. ಅಗ್ಗವಾದುದೆಲ್ಲ ಲಾಭವಲ್ಲ, ದುಬಾರಿಯಾದುದೆಲ್ಲ ಸುಖವಲ್ಲ. ನೋಯಿಸುವ ವಾದ್ಯ ಎಷ್ಟೇ ಶ್ರೇಷ್ಠವಾದರೂ ಮೂಲೆ ಸೇರುತ್ತದೆ.

ಪಾಲ್ ಕೊಂಡ ಆ ವಾದ್ಯ 1972ರಲ್ಲಿ ಲಂಡನ್ನಿನಲ್ಲಿ ಒಂದು ವ್ಯಾನಿನಿಂದ ಕಳುವಾಯಿತು. ಅಷ್ಟು ಹೊತ್ತಿಗೆ ಅವನು ಬೇಕಾದ ವಾದ್ಯವನ್ನು ಬೇಕಾದಷ್ಟು ಕೊಟ್ಟು ಕೊಳ್ಳಬಲ್ಲ ಶ್ರೀಮಂತ. ಆದರೂ ಅದರ ಶೋಧ ನಡೆಯಿತು. ಸಿಕ್ಕಿತೆಂಬ ಸುದ್ದಿ ಹೊರಬಿದ್ದದ್ದು 2024ರ ಫೆಬ್ರವರಿಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, 82ರ ವಯಸ್ಸಿನಲ್ಲಿ, ಅವನು ಲಂಡನ್ನಿನ ವೇದಿಕೆಯ ಮೇಲೆ ಅದನ್ನು ಮತ್ತೆ ಹೆಗಲಿಗೇರಿಸಿದ. ಹತ್ತು ದಿನದ ಕೂಲಿಗೆ ಸಾಲವಿಲ್ಲದೆ ಬಂದ ಆ ಮರದ ತುಂಡು ವೃದ್ಧನ ಹೆಗಲಿಗೂ ಭಾರವಾಗಲಿಲ್ಲ.