ನೇತ್ರಾಣಿಯ ಆಳದಲ್ಲಿ ಕೆಂಪು ಕಪ್ಪಾಗುತ್ತದೆ

ಮುರುಡೇಶ್ವರದ ಕಡಲತೀರದಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ, ಆಕಾಶ ತಿಳಿಯಾಗಿರುವ ದಿನ ದೂರದಲ್ಲೊಂದು ಗುಡ್ಡ ಮಸುಕಾಗಿ ಕಾಣುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್. ಕಡಲು ಶಾಂತವಾಗಿದ್ದರೆ ದೋಣಿ ಒಂದು, ಒಂದೂವರೆ ಗಂಟೆಯಲ್ಲಿ ಅದರ ಬುಡ ಸೇರುತ್ತದೆ. ಮೇಲೆ ಕಡಿದಾದ ಬಂಡೆಗಳು, ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡುಗಳು. ಕೆಳಗೆ ಹವಳದ ನಡುವೆ ಗಿಳಿಮೀನು, ಚಿಟ್ಟೆಮೀನುಗಳ ಸಂತೆ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಈ ಸಂತೆ ನೋಡಲು ಸ್ಕೂಬಾ ಡೈವಿಂಗ್‌ಗೆಂದು ಜನ ಬರುತ್ತಾರೆ. ಕಾಲೇಜು ವಿದ್ಯಾರ್ಥಿಗಳ ಗುಂಪುಗಳೂ ಇರುತ್ತವೆ. ದಡದಲ್ಲಿ ಕಾಯುವ ಅಪ್ಪ ಅಮ್ಮಂದಿರಿಗೆ ನೂರೆಂಟು ಆತಂಕ. ಉಸಿರು ಕಟ್ಟಿದರೆ? ಮೀನು ಕಚ್ಚಿದರೆ? ಆದರೆ ‘ಮಗ ಅಥವಾ ಮಗಳು ತೊಟ್ಟ ಉಡುಪು ಯಾವ ಬಣ್ಣದ್ದು?’ ಎಂದು ಕೇಳುವವರು ವಿರಳ. ಕೇಳಬೇಕಾದ ಪ್ರಶ್ನೆ ಅದು.

ಅಂಗಡಿಯಲ್ಲಿ ಕಣ್ಣು ಕುಕ್ಕುವ ಕೆಂಪು, ನೀರಿನಲ್ಲಿ ಮೊದಲು ಸೋಲುವ ಬಣ್ಣ. ಸರ್ ಸಿ.ವಿ. ರಾಮನ್ 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಕಂಡು ಬೆರಗಾದದ್ದು ವಿದ್ಯಾರ್ಥಿಗಳಿಗೆ ಗೊತ್ತಿರುವ ಕಥೆ. ಆ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. ಇದರ ಜೊತೆಗೆ ಇನ್ನೊಂದು ಕಾರಣವೂ ಉಂಟು. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುತ್ತದೆ. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗುತ್ತದೆ. ಇನ್ನೂ ಇಳಿದರೆ ಕಿತ್ತಳೆ, ಆಮೇಲೆ ಹಳದಿಯ ಸರದಿ. ತಿಳಿ ನೀರಿನಲ್ಲಿ ಕೊನೆಯವರೆಗೂ ಉಳಿಯುವುದು ನೀಲಿಯೇ. ಇಪ್ಪತ್ತು ಮೀಟರ್ ಆಳದಲ್ಲಿ ಗಾಯದಿಂದ ಒಸರುವ ರಕ್ತ ಕೂಡ ಕಪ್ಪು ಹಸಿರಾಗಿ ಕಾಣುತ್ತದೆ. ಮೊದಲ ಸಲ ಇಳಿಯುವವರನ್ನು ಸಾಮಾನ್ಯವಾಗಿ 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ. ಅಷ್ಟರೊಳಗೇ ಕೆಂಪು ಫಿನ್ ಕಂದು ಚಪ್ಪಲಿಯಂತಾಗಿರುತ್ತದೆ! ಟಾರ್ಚ್ ಹತ್ತಿರ ಹಿಡಿದರೆ ಮಾತ್ರ ಕೆಂಪು ಮರಳಿ ಬರುತ್ತದೆ.

ಹಾಗಾದರೆ ಯಾವ ಬಣ್ಣ ಒಳ್ಳೆಯದು? ರಸ್ತೆ ಕೆಲಸದವರ ಜಾಕೆಟ್ಟಿನಲ್ಲಿ ಕಾಣುವ ಫ್ಲೋರಸೆಂಟ್ ಬಣ್ಣ. ಅದು ತನ್ನ ಮೇಲೆ ಬಿದ್ದ ನೀಲಿ ಬೆಳಕನ್ನು ಹೀರಿ, ಹಸಿರು, ಹಳದಿ ಇಲ್ಲವೇ ಕಿತ್ತಳೆಯಾಗಿ ಹೊರಸೂಸುತ್ತದೆ. ಆಳಕ್ಕೆ ತಲುಪುವುದೇ ನೀಲಿ ಬೆಳಕಾದ್ದರಿಂದ ಈ ಬಣ್ಣಕ್ಕೆ ಅಲ್ಲೂ ಉಣಿಸು ಸಿಗುತ್ತದೆ. 1967ರಲ್ಲಿ ಜೋ ಆನ್ ಕಿನ್ನಿ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಗಾಗಿ ನಡೆಸಿದ ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ಕಲಕು ನೀರಿನಲ್ಲಿ ಫ್ಲೋರಸೆಂಟ್ ಕಿತ್ತಳೆ, ತಿಳಿ ನೀರಿನಲ್ಲಿ ಫ್ಲೋರಸೆಂಟ್ ಹಸಿರು ಚೆನ್ನಾಗಿ ಕಂಡವು. ಬೂದು, ಕಪ್ಪು ಹಿಂದೆ ಬಿದ್ದವು. ನಮ್ಮ ಕರಾವಳಿಯ ನೀರು ಇಂದು ತಿಳಿ, ನಾಳೆ ಕಲಕು. ಎರಡೂ ಬಣ್ಣ ಮೈಮೇಲಿದ್ದರೆ ಕ್ಷೇಮ.

ಬಾಡಿಗೆಗೆ ಸಿಗುವ ವೆಟ್‌ಸೂಟ್ ಬಹುಪಾಲು ಕಪ್ಪು. ಅದಕ್ಕಾಗಿ ಚಿಂತೆ ಬೇಡ, ಹೊಸದನ್ನು ಕೊಳ್ಳಲೂ ಬೇಕಿಲ್ಲ. ಫಿನ್, ಮಾಸ್ಕಿನ ಪಟ್ಟಿ, ತಲೆಗವಸು, ಸಿಲಿಂಡರಿಗೆ ಸುತ್ತಿದ ಪಟ್ಟಿ, ಇವುಗಳಲ್ಲಿ ಒಂದೆರಡು ಹೊಳೆಯುವ ಬಣ್ಣದವಾದರೆ ಸಾಕು. ಒಬ್ಬೊಬ್ಬರ ಫಿನ್ ಒಂದೊಂದು ಬಣ್ಣದ್ದಾದರೆ, ಮುಖ ಕಾಣದ ನೀರಿನಲ್ಲೂ ಯಾರು ಯಾರೆಂದು ಗುರು ಗುರುತಿಸಬಲ್ಲರು. ಜೊತೆಗಾರನ ಗಾಳಿ ಮುಗಿದರೆ ಕೊಡಲೆಂದು ಇರುವ ಎರಡನೇ ರೆಗ್ಯುಲೇಟರ್ ಸಾಮಾನ್ಯವಾಗಿ ಹಳದಿಯಾಗಿರುವುದೂ ಅಲಂಕಾರಕ್ಕಲ್ಲ. ಗಾಬರಿಯಾದ ಕಣ್ಣಿಗೆ ಅದು ತಟ್ಟನೆ ಸಿಗಬೇಕು.

ಇಷ್ಟಾದರೂ ಬಣ್ಣದ ನಿಜವಾದ ಪರೀಕ್ಷೆ ನೀರಿನ ಮೇಲೆ. ಸೆಳೆತಕ್ಕೆ ಸಿಕ್ಕವರು ದೋಣಿಯಿಂದ ದೂರ ಎದ್ದರೆ, ಅಲೆಗಳ ನಡುವೆ ಕಾಣುವುದು ಒಂದು ತಲೆ ಮಾತ್ರ. ಕಪ್ಪು ತಲೆ ನೆರಳಿನಲ್ಲಿ ಕರಗುತ್ತದೆ. ನೀಲಿ ಕಡಲಿನಲ್ಲಿ ಸೇರಿಹೋಗುತ್ತದೆ. ಬಿಳಿ ನೊರೆಯಂತೆ ತೋರುತ್ತದೆ. ಲೈಫ್ ಜಾಕೆಟ್ ಕಿತ್ತಳೆಯಾಗಿರುವುದು ಇದಕ್ಕೇ. ಡೈವಿಂಗ್ ಮಾಡುವವರು ಮಡಚಿಟ್ಟುಕೊಳ್ಳುವ ಒಂದು ಕೊಳವೆಯುಂಟು. ಗಾಳಿ ತುಂಬಿದರೆ ಆಳೆತ್ತರ ನಿಲ್ಲುವ ಕಿತ್ತಳೆ ಅಥವಾ ಹಳದಿ ಕಂಬ ಅದು. ದುಬಾರಿ ಸೂಟಿಗಿಂತ ಅದು ಮುಖ್ಯ.

ಆದರೆ ಹುಡುಕುವವರೇ ಇಲ್ಲದಿದ್ದರೆ ಯಾವ ಬಣ್ಣವೂ ಕಾಯುವುದಿಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ದೋಣಿಯೊಂದು ನೀರಿಗಿಳಿದ ದಂಪತಿಯನ್ನು ಬಿಟ್ಟು ದಡಕ್ಕೆ ಮರಳಿತು. ಅವರ ಚೀಲ ದೋಣಿಯಲ್ಲೇ ಉಳಿದದ್ದು ಗಮನಕ್ಕೆ ಬಂದು ಹುಡುಕಾಟ ಶುರುವಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅವರು ಸಿಗಲೇ ಇಲ್ಲ. ತಲೆ ಎಣಿಸುವ ಸಣ್ಣ ಕೆಲಸ ತಪ್ಪಿತ್ತು, ಅಷ್ಟೇ.

ಆದ್ದರಿಂದ ನೇತ್ರಾಣಿಯ ದೋಣಿ ಹತ್ತುವ ಮೊದಲು ಮೂರು ಮಾತು ಕೇಳಿ ತಿಳಿಯುವುದು ಜಾಣತನ. ಹತ್ತಿದವರ ಹೆಸರು ಬರೆದು, ಮರಳುವಾಗ ತಲೆ ಎಣಿಸುವವರು ಯಾರು? ಗುಂಪಿನ ಬಳಿ ಬಣ್ಣದ ಕೊಳವೆ, ಸೀಟಿ ಇವೆಯೇ? ಪ್ರತಿಯೊಬ್ಬರ ಮೈಮೇಲೆ ದೂರಕ್ಕೆ ಕಾಣುವ ಬಣ್ಣ ಒಂದಾದರೂ ಇದೆಯೇ? ಕೇಳಲು ಸಂಕೋಚವೇಕೆ? ಒಳ್ಳೆಯ ಗುರು ಇದಕ್ಕೆ ಬೇಸರಿಸುವುದಿಲ್ಲ.

ಹೋಗುವವರಿಗೆ: ಕೊಂಕಣ ರೈಲು ಮಾರ್ಗದಲ್ಲಿ ಮುರುಡೇಶ್ವರಕ್ಕೆ ನಿಲ್ದಾಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಆಗ ಡೈವಿಂಗ್ ಇಲ್ಲ. ಡಿಸೆಂಬರ್, ಜನವರಿಯ ನೀರು ಹೆಚ್ಚು ತಿಳಿ.