ಷರಾದ ಪಕ್ಕದ ಕಿರುಸಹಿ

ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆಗೆ ಮಾರಾಟವಾದ ಅಂಚೆಚೀಟಿಯ ಮೇಲೆ ಒಬ್ಬ ಅಂಚೆ ಗುಮಾಸ್ತನ ಕಿರುಸಹಿ ಇದೆ: ಇ.ಡಿ.ಡಬ್ಲ್ಯು. 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಚೀಟಿ ಅದು. ಮೆಜೆಂಟಾ ಬಣ್ಣದ ಕಾಗದ, ನಾಲ್ಕೂ ಮೂಲೆ ಕತ್ತರಿಸಿ ಎಂಟು ಬದಿಯಾಗಿದೆ. ನಡುವಿನ ಹಡಗಿನ ಚಿತ್ರ ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುತ್ತದೆ. ಇಂಥ ಇನ್ನೊಂದು ಚೀಟಿ ಉಳಿದಿಲ್ಲ. 2014ರ ಹರಾಜಿನಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 95 ಲಕ್ಷ ಡಾಲರ್.

ಇಂಗ್ಲೆಂಡಿನಿಂದ ಬರಬೇಕಿದ್ದ ಚೀಟಿಗಳು ಆ ವರ್ಷ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಪೋಸ್ಟ್‌ಮಾಸ್ಟರ್ ಡಾಲ್ಟನ್, ಜಾರ್ಜ್‌ಟೌನಿನಲ್ಲಿ ಗೆಜೆಟ್ ಅಚ್ಚು ಹಾಕುತ್ತಿದ್ದ ಪ್ರೆಸ್ಸಿಗೇ ಕೆಲಸ ಒಪ್ಪಿಸಿದ. ಪ್ರೆಸ್ಸಿನಲ್ಲಿದ್ದ ಹಡಗಿನ ಅಚ್ಚನ್ನೇ ಕೂರಿಸಿ ಚೀಟಿ ಹೊರಡಿಸಿದರು. ಅಷ್ಟು ಸರಳವಾದದ್ದನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಆದ್ದರಿಂದ ಪ್ರತಿ ಚೀಟಿಯ ಮೇಲೂ ಕಚೇರಿಯವರು ಕಿರುಸಹಿ ಹಾಕಬೇಕೆಂದು ಅಪ್ಪಣೆಯಾಯಿತು. ಆಗಲೇ ಅಚ್ಚಾದ ನಾಲ್ಕು ಸೆಂಟಿನ ಚೀಟಿಗಳು ಕೆಲವು ಉಳಿದಿವೆ. ಅವುಗಳ ಮೇಲೆ ಬೇರೆ ಬೇರೆ ಕಿರುಸಹಿಗಳಿವೆ, ಡಾಲ್ಟನ್ನನ ಇ.ಟಿ.ಇ.ಡಿ. ಕೂಡ ಇದೆ. ಇ.ಡಿ.ಡಬ್ಲ್ಯು. ಎಂದರೆ ವೈಟ್ ಎಂಬ ಗುಮಾಸ್ತ. ದಿನದ ಲೆಕ್ಕ ಮುಗಿಸಿ ಮನೆಗೆ ಹೋಗುವ ತರಾತುರಿಯಲ್ಲಿ ಎಷ್ಟು ಹಾಳೆಗಳ ಮೇಲೆ ಹೀಗೆ ಗೀಚಿರಬೇಕು ಆತ! ನನಗೆ ಆ ಮೂರು ಅಕ್ಷರಗಳ ಮೇಲಿರುವಷ್ಟು ಪ್ರೀತಿ ಆ ಹಡಗಿನ ಮೇಲಿಲ್ಲ.

ಚೀಟಿಯ ಬೆನ್ನಿನ ಕಥೆ ಇನ್ನೂ ಸೊಗಸು. ಕೈಬದಲಾದಂತೆಲ್ಲ ಮಾಲೀಕರು ಅಲ್ಲಿ ತಮ್ಮ ಗುರುತು ಬಿಟ್ಟಿದ್ದಾರೆ. ಪಾದರಕ್ಷೆ ವಿನ್ಯಾಸಕ ಸ್ಟುವರ್ಟ್ ವೈಟ್ಸ್‌ಮನ್ ಎತ್ತರದ ಹಿಮ್ಮಡಿಯ ಷೂ ಬರೆದು ಪಕ್ಕದಲ್ಲಿ ತನ್ನ ಇನಿಷಿಯಲ್ ಹಾಕಿದ. ಇವೆಲ್ಲದರ ನಡುವೆ ಪುಟ್ಟದಾಗಿ ಎಫ್.ಕೆ. ಎಂದೂ ಇದೆ. ಮಾಲೀಕರ ಸಾಲಿನಲ್ಲಿ ಆ ಇನಿಷಿಯಲ್‌ನವರು ಒಬ್ಬರೂ ಇಲ್ಲ. ಗುಟ್ಟು ಸಿಕ್ಕಿದ್ದು ಮಾರಾಟದ ಚರಿತ್ರೆಯಲ್ಲಿ. 1940ರಲ್ಲಿ ಈ ಚೀಟಿಯ ಮಾರಾಟ ಕುದುರಿಸಿಕೊಟ್ಟವನು ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಅಂಚೆಚೀಟಿ ವಿಭಾಗದ ಫಿನ್‌ಬಾರ್ ಕೆನಿ. ಒಡೆಯನಾಗದಿದ್ದರೂ ಒಂದಿಷ್ಟು ಕಾಲ ಅದು ಅವನ ಕೈಯಲ್ಲಿತ್ತಲ್ಲ!

ಅಂಚೆಯ ವಸ್ತುವಿನ ಮೇಲಿನ ಸಹಿ ಪತ್ತೆ ಮಾಡುವಾಗ ಅಕ್ಷರ ಓದಲು ಒದ್ದಾಡುವುದಕ್ಕಿಂತ ಮೊದಲು ಸೀಲು ನೋಡಬೇಕು. ಆಟೋಗ್ರಾಫ್ ಪುಸ್ತಕಕ್ಕೆ ಊರೂ ಇಲ್ಲ, ದಿನವೂ ಇಲ್ಲ. ಲಕೋಟೆಗೆ ಎರಡೂ ಇವೆ. ಆ ದಿನ ಆ ಊರಲ್ಲಿ ಯಾರಿದ್ದರು, ಯಾವ ಕೆಲಸದ ಮೇಲಿದ್ದರು ಎಂದು ಹುಡುಕುತ್ತ ಹೋದರೆ ಹೆಸರುಗಳ ಪಟ್ಟಿ ತಾನಾಗಿಯೇ ಕಿರಿದಾಗುತ್ತದೆ. ಆಮೇಲೆ ಭೂತಗನ್ನಡಿ ಹಿಡಿಯಬೇಕು. ಶಾಯಿ ಸೀಲಿನ ಮೇಲೆ ಹರಿದಿದೆಯೋ ಕೆಳಗೋ? 1930ರ ಲಕೋಟೆಯ ಮೇಲೆ ಬಾಲ್‌ಪೆನ್ನಿನ ಸಹಿ ಇದ್ದರೆ ಅದು ಎಷ್ಟೋ ವರ್ಷದ ಮೇಲೆ ಹಾಕಿದ್ದು. ನಮ್ಮ ವಿಶ್ವೇಶ್ವರಯ್ಯನವರ ಅಂಚೆಚೀಟಿ ಬಂದದ್ದು 1960ರ ಸೆಪ್ಟೆಂಬರ್ 15ರಂದು, ಅವರಿಗೆ ನೂರು ತುಂಬುತ್ತಿದ್ದ ಹೊತ್ತಿನಲ್ಲಿ, ಅವರು ಬದುಕಿದ್ದಾಗಲೇ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಆ ಫಸ್ಟ್ ಡೇ ಕವರಿನ ಮೇಲೆ ಅವರ ಸಹಿ ಎಂದು ಯಾರಾದರೂ ತೋರಿಸಿದರೆ, ಅದು ಈ ಎರಡು ವರ್ಷಕ್ಕೂ ಕಡಿಮೆ ಅವಧಿಯೊಳಗೆ, ಒಬ್ಬ ಶತಾಯುಷಿಯ ಕೈಯಿಂದ ಬಂದದ್ದಾಗಿರಬೇಕು. ಅವರ ನಡುವಯಸ್ಸಿನ ಸಹಿ ಪಕ್ಕದಲ್ಲಿಟ್ಟು ಹೋಲಿಸಿದರೆ ಏನೂ ಹೊರಡದು.

ಬ್ರಿಟನ್ನಿನಲ್ಲಿ ಸಹಿಯೇ ಅಂಚೆವೆಚ್ಚವಾಗಿದ್ದ ಕಾಲವೊಂದಿತ್ತು. ಪಾರ್ಲಿಮೆಂಟಿನ ಸದಸ್ಯ ಲಕೋಟೆಯ ಮೂಲೆಯಲ್ಲಿ ಹೆಸರು ಬರೆದರೆ ಕಾಗದ ಪುಕ್ಕಟೆ ಹೋಗುತ್ತಿತ್ತು. ದುರುಪಯೋಗ ಮಿತಿಮೀರಿದಾಗ, ವಿಳಾಸ, ಊರು, ತಾರೀಖು ಎಲ್ಲವನ್ನೂ ಸದಸ್ಯನೇ ಸ್ವಂತ ಕೈಯಿಂದ ಬರೆಯಬೇಕೆಂದು 1784ರಲ್ಲಿ ನಿಯಮ ಮಾಡಿದರು. 1840ರಲ್ಲಿ ಆ ಸವಲತ್ತೇ ರದ್ದಾಯಿತು. ಪ್ರಭುಗಳಾದವರು ಬಿರುದನ್ನಷ್ಟೇ ಬರೆಯುವುದು ವಾಡಿಕೆ. ಅಜ್ಜ, ಅಪ್ಪ, ಮಗ ಮೂವರದೂ ಒಂದೇ ಸಹಿಪದ! ಅಲ್ಲಿಯೂ ತಾರೀಖೇ ಗತಿ. ಕಳ್ಳಾಟ ತಡೆಯಲು ಮಾಡಿದ ನಿಯಮ ಇವತ್ತು ಸಂಗ್ರಾಹಕನ ಕೈಹಿಡಿದು ನಡೆಸುತ್ತಿದೆ.

ನಮ್ಮ ಮನೆಗಳ ಹಳೇ ಟ್ರಂಕುಗಳಲ್ಲೂ ಇಂಥ ಸಹಿಗಳಿವೆ. ಬಟವಾಡೆಯಾಗದೆ ವಾಪಸು ಬಂದ ರಿಜಿಸ್ಟರ್ ಲಕೋಟೆಯೊಂದನ್ನು ತಿರುಗಿಸಿ ನೋಡಿ. ‘ಬಾಗಿಲು ಹಾಕಿದೆ’ ಎಂದು ಒಂದು ಷರಾ, ಪಕ್ಕದಲ್ಲಿ ತಾರೀಖು, ಕೆಳಗೆ ಕೊಕ್ಕೆಯಂಥ ಕಿರುಸಹಿ. ಮಾರನೆಯ ದಿನ ಮತ್ತೆ ಅದೇ ಷರಾ, ಅದೇ ಕೊಕ್ಕೆ. ಮೂರನೆಯದು ‘ಊರು ಬಿಟ್ಟಿದ್ದಾರೆ’. ಈ ಸಲ ಕೈಬರಹ ಬೇರೆ, ಬಹುಶಃ ರಜೆಯ ಮೇಲೆ ಹೋದ ಅಂಚೆಯವನ ಬದಲಿ. ಹರಾಜಿನವರು ಇದಕ್ಕೆ ಬೆಲೆ ಕಟ್ಟುವುದಿಲ್ಲ. ಆದರೆ ಒಬ್ಬ ಮನುಷ್ಯ ಬಿಸಿಲಲ್ಲಿ ಮತ್ತೆ ಮತ್ತೆ ಅದೇ ಬಾಗಿಲಿಗೆ ಹೋಗಿ ಬಂದದ್ದಕ್ಕೆ ಇರುವ ದಾಖಲೆ ಇದೊಂದೇ. ಹಣೆ ಮೇಲೆ ವಿಮಾನಯಾನಿಯ ಸಹಿ ಇರುವ ಲಕೋಟೆಯನ್ನು ಗಾಜಿನ ಚೌಕಟ್ಟಿನಲ್ಲಿಡುವ ನಾವು ಇದನ್ನು ರದ್ದಿಗೆ ಹಾಕುವುದು ಅನ್ಯಾಯ ಎಂದೇ ನನ್ನ ಭಾವನೆ.

ಇದನ್ನು ಉಳಿಸಲು ಕಷ್ಟವೇನೂ ಇಲ್ಲ. ಚೀಟಿ ಬಿಡಿಸಲು ಲಕೋಟೆಯನ್ನು ನೀರಿನಲ್ಲಿ ನೆನೆಹಾಕುವ ಮುನ್ನ ಹಿಂದುಮುಂದು ನೋಡಿ. ಬರಹವಿದ್ದರೆ ಇಡಿಯಾಗಿ ಬಿಡಿ, ಶಾಯಿ ನೀರಿಗೆ ನಿಲ್ಲುವುದಿಲ್ಲ. ಆ ಬೀದಿಗೆ ಆಗ ಬರುತ್ತಿದ್ದ ಅಂಚೆಯಣ್ಣ ಯಾರೆಂದು ಮನೆಯ ಹಿರಿಯರನ್ನು ಕೇಳಿ, ಹೆಸರು ಗೊತ್ತಾದರೆ ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಲಕೋಟೆಯೊಳಗೇ ಇಡಿ. ಈಗ ಬಟವಾಡೆಯ ಸಹಿಯನ್ನು ಮೊಬೈಲ್ ಪರದೆಯ ಮೇಲೆ ಬೆರಳಲ್ಲಿ ಗೀಚಿಸಿಕೊಳ್ಳುತ್ತಾರೆ. ಹಳೆಯ ಕೊಕ್ಕೆಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಕೇಳಿಬಿಡಬೇಕು.